ಓದುಗರ ಪ್ರಶ್ನೆ: ವಿಮಾನವೋ, ಹಂಪಿ ಎಕ್ಸ್‌ಪ್ರೆಸ್ಸೋ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರು ಬೆಂಗಳೂರಿಗೋ ಇನ್ನೆಲ್ಲಿಗೋ ಹೋಗಲು ಬಸ್ಸು, ರೈಲು ಬಿಟ್ಟು ವಿಮಾನ ಹತ್ತಬೇಕಾ, ಬೇಡವಾ? ಯಾವ ದಿನ ಯಾವ ವಿಮಾನ, ದರ ಎಷ್ಟು ಅನ್ನುವುದು ಆಗಾಗ ಬದಲಾಗುತ್ತಿರುತ್ತದೆ. ಅದನ್ನು ಬುಕ್ ಮಾಡುವ ದಿನವೇ ನೋಡಿಕೊಳ್ಳಿ. ಉಳಿದದ್ದಕ್ಕೆ ಇಲ್ಲಿ ಉತ್ತರ ಇದೆ.

ಅವ್ವನಿಗೆ 72 ವರ್ಷ. ಮಂಡಿನೋವು, ಜೊತೆಗೆ ಶುಗರ್. ಆಗಾಗ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಇಷ್ಟು ದಿನ ರಾತ್ರಿ ರೈಲಿಗೆ ಹೋಗುತ್ತಿದ್ದೆವು. ತೋರಣಗಲ್ಲಿನಿಂದ ವಿಮಾನದಲ್ಲಿ ಒಂದೇ ಗಂಟೆ, ಸುಮ್ನೆ ಯಾಕೆ ಅವ್ವನನ್ನು ರಾತ್ರಿಯೆಲ್ಲ ಅಲುಗಾಡಿಸುತ್ತೀರಿ ಅಂತ ತಮ್ಮ ಬೈಯುತ್ತಾನೆ. ಏನು ಮಾಡಲಿ?
— ಓದುಗರು, ಬಳ್ಳಾರಿ

ನಿಮ್ಮ ತಮ್ಮ ಹೇಳುವ ಒಂದು ಗಂಟೆ ಗಾಳಿಯಲ್ಲಿರುವ ಗಂಟೆ ಮಾತ್ರ. ಮನೆ ಬಾಗಿಲಿಂದ ಆಸ್ಪತ್ರೆ ಬಾಗಿಲಿನ ತನಕ ಎಣಿಸಿ ನೋಡಿ. ಬಳ್ಳಾರಿಯಿಂದ ತೋರಣಗಲ್ಲಿನ ಜಿಂದಾಲ್ ಏರ್‌ಪೋರ್ಟಿಗೆ ಸುಮಾರು 30 ಕಿಲೋಮೀಟರ್, ಲಾರಿಗಳ ಸಾಲು ಸಿಕ್ಕರೆ ಮುಕ್ಕಾಲು ಗಂಟೆಗೂ ಜಾಸ್ತಿ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಹಾಗಾಗಿ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಆಮೇಲೆ ಹಾರಾಟ. ದೇವನಹಳ್ಳಿಯಲ್ಲಿ ಇಳಿದು ಲಗೇಜು ಬರುವುದಕ್ಕೆ ಅರ್ಧ ಗಂಟೆ. ಅಲ್ಲಿಗೆ ಮುಗಿಯಿತಾ? ಇಲ್ಲ. ದೇವನಹಳ್ಳಿ ಬೆಂಗಳೂರಿನ ಉತ್ತರಕ್ಕಿದೆ, ಜಯದೇವ ಆಸ್ಪತ್ರೆ ಊರಿನ ದಕ್ಷಿಣದಲ್ಲಿ ಬನ್ನೇರುಘಟ್ಟ ರಸ್ತೆಯಲ್ಲಿದೆ. ಕಿದ್ವಾಯಿ, ನಿಮ್ಹಾನ್ಸ್ ಕೂಡ ಆ ಕಡೆಯೇ. ಇಡೀ ಬೆಂಗಳೂರನ್ನು ಅಡ್ಡ ದಾಟಬೇಕು. ಟ್ರಾಫಿಕ್ ಹೊತ್ತಲ್ಲಿ ಅದಕ್ಕೇ ಎರಡು ಗಂಟೆ ಹಿಡಿಯುವುದುಂಟು. ಒಟ್ಟು ಐದೂವರೆ, ಆರು ಗಂಟೆ ಆಯಿತು. ಚಳ್ಳಕೆರೆ, ಹಿರಿಯೂರು ಮೇಲೆ ಕಾರಿನಲ್ಲಿ ಹೋದರೂ ಹೆಚ್ಚುಕಡಿಮೆ ಅಷ್ಟೇ.

ಹಂಪಿ ಎಕ್ಸ್‌ಪ್ರೆಸ್ ಗುಂತಕಲ್ ಸುತ್ತಿಕೊಂಡು ಹೋಗುತ್ತದೆ, ನಿಧಾನ, ನಿಜ. ಆದರೆ ಆ ಹೊತ್ತನ್ನು ನೀವು ನಿದ್ದೆಯಲ್ಲಿ ಕಳೆಯುತ್ತೀರಿ, ಬೆಳಿಗ್ಗೆ ಇಳಿಯುವುದು ಮೆಜೆಸ್ಟಿಕ್ ಪಕ್ಕದಲ್ಲಿ. 45 ದಾಟಿದ ಹೆಂಗಸರಿಗೆ ಲೋವರ್ ಬರ್ತ್ ಕೋಟಾ ಇದೆ, ಬುಕ್ ಮಾಡುವಾಗ ಅವ್ವನ ವಯಸ್ಸು ಸರಿಯಾಗಿ ಹಾಕಿ. ಅವರಿಗೆ ರೈಲಿನಲ್ಲಿ ನಿದ್ದೆ ಬರುತ್ತದೆ ಅಂದರೆ ನನ್ನ ಓಟು ರೈಲಿಗೇ.

ನಿದ್ದೆ ಬರಲ್ಲ, ರಾತ್ರಿ ನಾಲ್ಕು ಸಲ ಏಳಬೇಕು, ಓಡುವ ಬೋಗಿಯಲ್ಲಿ ಶೌಚಾಲಯಕ್ಕೆ ಹೋಗಲು ಮಂಡಿ ಒಪ್ಪಲ್ಲ ಅನ್ನುವುದಾದರೆ ವಿಮಾನವೇ ವಾಸಿ, ಆಗ ರೊಕ್ಕದ ಮುಖ ನೋಡಬೇಡಿ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ನಡೆಯಲು ನಿಜಕ್ಕೂ ಕಷ್ಟ ಇರುವವರಿಗೆ ಅದು ಉಚಿತ. ಎರಡು ದಿನ ಮೊದಲು ಫೋನ್ ಮಾಡಿ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ. ಚಿಕ್ಕ ವಿಮಾನಗಳಿಗೆ ಮೆಟ್ಟಿಲು ಹತ್ತಬೇಕಾಗಬಹುದು, ಅವ್ವ ಹತ್ತಲಾರರು ಅನ್ನುವುದನ್ನೂ ಆಗಲೇ ಹೇಳಿ. ಇನ್ಸುಲಿನ್ ಮತ್ತು ಡಾಕ್ಟರ್ ಚೀಟಿ ಕೈಚೀಲದಲ್ಲೇ ಇರಲಿ, ಕೆಳಗೆ ಹಾಕುವ ಲಗೇಜಿನಲ್ಲಿ ಬೇಡ.

ಇನ್ನೊಂದು ಮಾತು. ಬೆಳಿಗ್ಗೆ ಹಾರಿ ಅವತ್ತೇ ಓಪಿಡಿ ಚೀಟಿ ಮಾಡಿಸುತ್ತೇನೆ ಅಂತ ಲೆಕ್ಕ ಹಾಕಬೇಡಿ. ವಿಮಾನ ಸ್ವಲ್ಪ ತಡವಾದರೂ ಸಾಕು, ಆ ದಿನ ಹೋಯಿತು. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ವಾಪಸ್ ಬರುವ ಮುಂಚೆ, ಏನಾದರೂ ಆಪರೇಷನ್ ಆಗಿದ್ದರೆ, ವಿಮಾನ ಹತ್ತಬಹುದಾ ಅಂತ ಡಾಕ್ಟರನ್ನು ಕೇಳಲೇಬೇಕು. ಉದಾಹರಣೆಗೆ ರೆಟಿನಾ ಆಪರೇಷನ್‌ನಲ್ಲಿ ಕಣ್ಣೊಳಗೆ ಗ್ಯಾಸ್ ತುಂಬಿದ್ದರೆ ಅದು ಕರಗುವ ತನಕ ವಿಮಾನ ಹತ್ತುವಂತಿಲ್ಲ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ಆ ಗ್ಯಾಸ್ ಹಿಗ್ಗುತ್ತದೆ, ದೃಷ್ಟಿಯೇ ಹೋಗಬಹುದು.

ರಾಯಚೂರಿನಿಂದ ಹೈದರಾಬಾದಿಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ ವಿಮಾನ ಹಿಡಿದರೆ ಬೇಗ ಆಗುತ್ತದಾ? ಆಫೀಸಿನಲ್ಲಿ ಒಬ್ಬರು ಹಾಗೇ ಹೋಗುತ್ತಾರೆ.
— ಓದುಗರು, ರಾಯಚೂರು

ಆಗಲ್ಲ. ನಿಮ್ಮ ಸಹೋದ್ಯೋಗಿಗೆ ವಿಮಾನದ ಮೇಲೆ ಪ್ರೀತಿ ಇರಬೇಕು. ಬೆಂಗಳೂರು ಇರುವುದು ದಕ್ಷಿಣಕ್ಕೆ, ನೀವು ಮೊದಲು ಮಖ್ತಲ್, ಮೆಹಬೂಬ್‌ನಗರ ಮೇಲೆ ಸುಮಾರು 200 ಕಿಲೋಮೀಟರ್ ಈಶಾನ್ಯಕ್ಕೆ ಹೋಗುತ್ತೀರಿ. ಹೈದರಾಬಾದಿನ ವಿಮಾನ ನಿಲ್ದಾಣ ಇರುವ ಶಂಷಾಬಾದ್ ಮುಟ್ಟಲು ನಾಲ್ಕು ಗಂಟೆ ಬೇಕು. ಅಷ್ಟು ಹೊತ್ತಿಗೆ ಕಲಬುರಗಿ–ಬೆಂಗಳೂರು ವಂದೇ ಭಾರತ್ ಗುಂತಕಲ್ ದಾಟಿ ಎಲ್ಲೋ ಹೋಗಿರುತ್ತದೆ. 2024ರ ಮಾರ್ಚ್‌ನಲ್ಲಿ ಶುರುವಾದ ಆ ರೈಲಿಗೆ ರಾಯಚೂರಿನಲ್ಲಿ ನಿಲುಗಡೆ ಇದೆ. ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಬೆಂಗಳೂರು. ರಾತ್ರಿ ಪ್ರಯಾಣ ಬೇಕಾದವರಿಗೆ ಮುಂಬೈ, ಸೊಲ್ಲಾಪುರ ಕಡೆಯಿಂದ ಬರುವ ಗಾಡಿಗಳೂ ಇವೆ.

ಆದರೆ ದೆಹಲಿ, ಕೋಲ್ಕತ್ತ, ಗುವಾಹಟಿ ಅಂತ ದೂರ ಹೋಗುವುದಿದ್ದರೆ ಮಾತೇ ಬೇರೆ. ಆಗ ರಾಯಚೂರಿನವರಿಗೆ ಶಂಷಾಬಾದ್ ತುಂಬಾ ಅನುಕೂಲ. ಅದು ಹೈದರಾಬಾದಿನ ನಮ್ಮ ಕಡೆಯ ಅಂಚಿನಲ್ಲೇ ಇದೆ, ಊರಿನ ಒಳಗೆ ಹೋಗಿ ಸಿಕ್ಕಿಹಾಕಿಕೊಳ್ಳುವ ಕಷ್ಟ ಇಲ್ಲ. ರಾಯಚೂರಿನದೇ ಆದ ಯರಮರಸ್ ವಿಮಾನ ನಿಲ್ದಾಣದ ಬಗ್ಗೆಯೂ ಕೇಳಿದ್ದೀರಿ. ಅಲ್ಲಿಂದ ಮೊದಲ ವಿಮಾನ ಏಳಲಿ, ಆಗ ಇಬ್ಬರೂ ಕೂತು ಹೊಸ ಲೆಕ್ಕ ಹಾಕೋಣ.

ಕೊಪ್ಪಳದವರಿಗೆ ಹುಬ್ಬಳ್ಳಿ ಒಳ್ಳೆಯದಾ, ತೋರಣಗಲ್ಲು ಒಳ್ಳೆಯದಾ?
— ಓದುಗರು, ಕೊಪ್ಪಳ

ದೂರ ನೋಡಿದರೆ ತೋರಣಗಲ್ಲು. ಹೊಸಪೇಟೆ ದಾಟಿದರೆ ಬಂತು. ಗಂಗಾವತಿಯವರಿಗೂ ಅದೇ ಹತ್ತಿರ. ಹುಬ್ಬಳ್ಳಿ ಇನ್ನೊಂದು 50 ಕಿಲೋಮೀಟರ್ ಜಾಸ್ತಿಯಾದರೂ ಗದಗದ ಮೇಲಿನ ಹೆದ್ದಾರಿ ಚೆನ್ನಾಗಿದೆ. ಅಲ್ಲಿ ವಿಮಾನಗಳೂ ಜಾಸ್ತಿ, ಊರುಗಳೂ ಜಾಸ್ತಿ. ಒಂದು ತಪ್ಪಿದರೆ ಇನ್ನೊಂದು ಸಿಗುವ ಆಸೆ ಇರುತ್ತದೆ. ಮುಂಬೈ, ದೆಹಲಿ ಕಡೆಗಾದರೆ ಕಣ್ಣು ಮುಚ್ಚಿ ಹುಬ್ಬಳ್ಳಿಗೆ ಹೋಗಿ. ಬೆಂಗಳೂರಿಗೆ ಹೋಗಲು ಮಾತ್ರ ಪಶ್ಚಿಮಕ್ಕೆ ಎರಡು ಗಂಟೆ ಹೋಗಿ, ಹಾರಿ ಮತ್ತೆ ನಿಮ್ಮ ಊರಿನ ದಕ್ಷಿಣಕ್ಕೇ ಬರುವುದು ಯಾಕೆ ಅಂತ ನನಗೆ ಅರ್ಥವಾಗಲ್ಲ. ಅಂದ ಹಾಗೆ ಮೊಬೈಲಿನಲ್ಲಿ 'ಬಳ್ಳಾರಿ' ಅಂತ ಹುಡುಕಿದರೆ ಏನೂ ಬರುತ್ತಿಲ್ಲ ಅಂತ ಇಬ್ಬರು ಬರೆದಿದ್ದಾರೆ. 'ವಿದ್ಯಾನಗರ' ಅಂತ ಹುಡುಕಿ. ತೋರಣಗಲ್ಲಿನ ನಿಲ್ದಾಣಕ್ಕೆ ಟಿಕೆಟಿನಲ್ಲಿ ಅದೇ ಹೆಸರು.

ಉಡಾನ್‌ನಲ್ಲಿ 2500 ರೂಪಾಯಿಗೆ ವಿಮಾನ ಅಂತಿದ್ದರು. ನಾನು ನೋಡಿದಾಗ ಅದರ ದುಪ್ಪಟ್ಟಿಗಿಂತ ಜಾಸ್ತಿ ತೋರಿಸಿತು. ಇದು ಮೋಸ ಅಲ್ವಾ?
— ಓದುಗರು, ಹೊಸಪೇಟೆ

ಮೋಸ ಅಲ್ಲ, ಆದರೆ ಪೂರ್ತಿ ಹೇಳಲಿಲ್ಲ ಅನ್ನಬಹುದು. ಉಡಾನ್ ಅಂದರೆ ಚಿಕ್ಕ ಊರುಗಳಿಗೂ ಕಡಿಮೆ ದರದಲ್ಲಿ ವಿಮಾನ ತರುವ ಕೇಂದ್ರ ಸರ್ಕಾರದ ಯೋಜನೆ. 2016ರಲ್ಲಿ ಬಂದ ಆ ಯೋಜನೆಯಲ್ಲಿ ಸುಮಾರು ಒಂದು ಗಂಟೆಯ ಹಾರಾಟಕ್ಕೆ 2500 ರೂಪಾಯಿಯ ಮಿತಿ ಇಟ್ಟಿದ್ದು ವಿಮಾನದ ಅರ್ಧದಷ್ಟು ಸೀಟುಗಳಿಗೆ ಮಾತ್ರ. ಮೊದಲು ಬುಕ್ ಮಾಡಿದವರಿಗೆ ಅವು ಸಿಗುತ್ತಿದ್ದವು, ಉಳಿದವರಿಗೆ ಮಾರುಕಟ್ಟೆ ದರ. ಆ ಮಾರ್ಗಕ್ಕೆ ಸರ್ಕಾರ ಕೊಡುವ ನೆರವು ಕೂಡ ಮೂರು ವರ್ಷಕ್ಕೆ. ಅದು ಮುಗಿದ ಮೇಲೆ ಕಂಪನಿ ತನ್ನ ಲೆಕ್ಕ ತಾನು ನೋಡಿಕೊಳ್ಳುತ್ತದೆ. ಎಷ್ಟೋ ಊರಿಗೆ ವಿಮಾನ ಬಂದು ನಿಂತು ಹೋಗಿದ್ದಕ್ಕೆ ಇದೂ ಒಂದು ಕಾರಣ. ನಮ್ಮಲ್ಲೂ 2017ರಲ್ಲಿ ತೋರಣಗಲ್ಲಿನಿಂದ ಹಾರಾಟ ಶುರು ಮಾಡಿದ ಟ್ರೂಜೆಟ್ ಈಗ ಇಲ್ಲ.

ಮಗ ಪುಣೆಯಲ್ಲಿದ್ದಾನೆ. ಹುಬ್ಬಳ್ಳಿಯಿಂದ ವಿಮಾನಕ್ಕೆ ಹೋಗುತ್ತಿದ್ದೇವೆ, ನಮಗೆ ಇದೇ ಮೊದಲು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಾವಿನಕಾಯಿ ಉಪ್ಪಿನಕಾಯಿ, ಒಣಕೊಬ್ಬರಿ, 25 ಕಿಲೋ ಸೋನಾ ಮಸೂರಿ ಅಕ್ಕಿ ಒಯ್ಯಬಹುದಾ?
— ಓದುಗರು, ಗಂಗಾವತಿ

ತಾಯಿ, ನಿಮ್ಮ ಪಟ್ಟಿ ಓದಿಯೇ ಹೊಟ್ಟೆ ತುಂಬಿತು. ರೊಟ್ಟಿ ಕೈಚೀಲದಲ್ಲಿ ಧಾರಾಳವಾಗಿ ಬರಲಿ, ಲಗೇಜಿಗೆ ಹಾಕಿದರೆ ಪುಣೆಯಲ್ಲಿ ಪುಡಿ ಸಿಗುತ್ತದೆ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಟ್ಟರೆ ತಪಾಸಣೆಯಲ್ಲಿ ತೆಗೆಸುತ್ತಾರೆ. ಬಿಗಿಯಾದ ಡಬ್ಬಿ, ಅದರ ಮೇಲೆ ಎರಡು ಪ್ಲಾಸ್ಟಿಕ್ ಕವರ್ ಹಾಕಿ ಲಗೇಜಿಗೆ ಕೊಡಿ. ಎಣ್ಣೆ ಸೋರಿದರೆ ನಿಮ್ಮ ಸೀರೆಗಳಿಗೂ ಒಳ್ಳೆಯದಲ್ಲ. ಖಾರದ ಪುಡಿ, ಚಟ್ನಿಪುಡಿಯೂ ಲಗೇಜಿಗೇ. ಒಣಕೊಬ್ಬರಿ ಎರಡರಲ್ಲೂ ಬೇಡ. ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ಬೇಗ ಬೆಂಕಿ ಹತ್ತುತ್ತದೆ ಅಂತ ವಿಮಾನದಲ್ಲಿ ಬಿಡುವುದಿಲ್ಲ. ದೇವರ ಪ್ರಸಾದ ಅಂದರೂ ಬಿಡಲ್ಲ.

ಅಕ್ಕಿಗೆ ಅಡ್ಡಿಯಿಲ್ಲ, ತೂಕಕ್ಕೆ ಇದೆ. ದೇಶದೊಳಗಿನ ವಿಮಾನಗಳಲ್ಲಿ ಒಬ್ಬರಿಗೆ ಲಗೇಜು ಸಾಮಾನ್ಯವಾಗಿ 15 ಕಿಲೋ, ಕೈಚೀಲ 7 ಕಿಲೋ, ಕೆಲವು ಚಿಕ್ಕ ವಿಮಾನಗಳಲ್ಲಿ ಕೈಚೀಲಕ್ಕೆ ಇನ್ನೂ ಕಡಿಮೆ. ಮೀರಿದ ಒಂದೊಂದು ಕಿಲೋಗೂ ಕೊಡುವ ಹಣದಲ್ಲಿ ಪುಣೆಯಲ್ಲೇ ಅಕ್ಕಿ ಕೊಳ್ಳಬಹುದು. ಪಾರ್ಸೆಲ್ ಹಾಕಿಬಿಡಿ. ಪವರ್ ಬ್ಯಾಂಕ್ ಇದ್ದರೆ ಅದು ಮಾತ್ರ ತಪ್ಪದೆ ಕೈಚೀಲದಲ್ಲಿರಬೇಕು. ಟಿಕೆಟಿನಲ್ಲಿ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇರಲಿ, ಮನೆಯಲ್ಲಿ ಕರೆಯುವ ಹೆಸರು ಹಾಕಿಸಬೇಡಿ.

ನಿಲ್ದಾಣಕ್ಕೆ ಹೋದ ಮೇಲೆ ವಿಮಾನ ರದ್ದು ಅಂದರು. ಏಜೆಂಟ್ ಹತ್ತಿರ ಟಿಕೆಟ್ ತೆಗೆಸಿದ್ದೆ. ಟ್ಯಾಕ್ಸಿ ಮಾಡಿಕೊಂಡು ಬೆಂಗಳೂರಿಗೆ ಹೋದೆ. ಪರಿಹಾರ ಕೇಳಬಹುದಾ?
— ಓದುಗರು, ಸಂಡೂರು

ಟಿಕೆಟಿನ ಪೂರ್ತಿ ಹಣ ವಾಪಸ್, ಇಲ್ಲವೇ ಬೇರೆ ವಿಮಾನ. ಇದು ನಿಮ್ಮ ಹಕ್ಕು. 24 ಗಂಟೆ ಮೊದಲೂ ತಿಳಿಸದೆ ರದ್ದು ಮಾಡಿದ್ದರೆ ಅದರ ಮೇಲೆ ಪರಿಹಾರವೂ ಉಂಟು. ವಿಮಾನಯಾನದ ಮೇಲೆ ನಿಗಾ ಇಡುವ ಕೇಂದ್ರದ ಸಂಸ್ಥೆ ಡಿಜಿಸಿಎ ನಿಯಮದ ಪ್ರಕಾರ ಒಂದು ಗಂಟೆಯೊಳಗಿನ ಪ್ರಯಾಣಕ್ಕೆ 5000 ರೂಪಾಯಿ, ಎರಡು ಗಂಟೆಯ ತನಕ 7500, ಅಥವಾ ನಿಮ್ಮ ಮೂಲ ದರ ಮತ್ತು ಇಂಧನ ಶುಲ್ಕ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ಹವಾಮಾನದಂಥ ಕಂಪನಿಯ ಕೈಮೀರಿದ ಕಾರಣಕ್ಕೆ ರದ್ದಾದರೆ ಪರಿಹಾರ ಸಿಗಲ್ಲ. ಹಾಗಾಗಿ ಕಾರಣ ಏನು ಅಂತ ಬರಹದಲ್ಲಿ ಕೇಳಿ ಪಡೆಯಿರಿ.

ಇಲ್ಲಿ ಒಂದು ಸಿಕ್ಕು ಇದೆ. ಎಷ್ಟೋ ಏಜೆಂಟರು ಟಿಕೆಟಿನಲ್ಲಿ ತಮ್ಮದೇ ಮೊಬೈಲ್ ನಂಬರ್ ಹಾಕುತ್ತಾರೆ. ಕಂಪನಿ ಕಳಿಸಿದ ಮೆಸೇಜು ಅವರಿಗೆ ಹೋಗಿರುತ್ತದೆ, ನಿಮಗೆ ಗೊತ್ತೇ ಇರಲ್ಲ. ನಾವು ತಿಳಿಸಿದ್ದೆವಲ್ಲ ಅಂತ ಕಂಪನಿ ಕೈತೊಳೆದುಕೊಳ್ಳುತ್ತದೆ. ನಿಮ್ಮ ನಂಬರ್ ಕೊಡದೇ ಇದ್ದರೆ ಪರಿಹಾರದ ಹಕ್ಕೂ ಹೋಗುತ್ತದೆ. ಮೊದಲು ಏಜೆಂಟ್ ಯಾವ ನಂಬರ್ ಹಾಕಿದ್ದಾನೆ ನೋಡಿ, ಆಮೇಲೆ ಕಂಪನಿಗೆ ಬರೆಯಿರಿ. ಅವರು ಸುಮ್ಮನಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾದಲ್ಲಿ ದೂರು ಹಾಕಿ. ಟ್ಯಾಕ್ಸಿ ಬಾಡಿಗೆ ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಮುಂದೆ ಯಾವತ್ತಾದರೂ ನೀವೇ ಹೋಗದೆ ಟಿಕೆಟ್ ವ್ಯರ್ಥವಾದರೂ ಅದರಲ್ಲಿನ ತೆರಿಗೆ ಮತ್ತು ನಿಲ್ದಾಣದ ಬಳಕೆದಾರರ ಶುಲ್ಕ ವಾಪಸ್ ಬರಬೇಕು. ಯಾರೂ ಕೇಳುವುದಿಲ್ಲ, ನೀವು ಕೇಳಿ.

ಮೇ ತಿಂಗಳ ಮಧ್ಯಾಹ್ನ ಹೋದೆ. ವಿಮಾನ ಎತ್ತಿನ ಬಂಡಿ ಥರ ಕುಲುಕಿತು. ಚಿಕ್ಕ ವಿಮಾನ ಅಪಾಯವಾ?
— ಓದುಗರು, ಸಿರುಗುಪ್ಪ

ಅಪಾಯ ಅಲ್ಲ, ನೀವು ಹೋದ ಹೊತ್ತು ಸರಿಯಿಲ್ಲ. ನಮ್ಮ ಬಳ್ಳಾರಿ ಬಿಸಿಲು ಗೊತ್ತಲ್ಲ. ಬಂಡೆ, ಬಯಲು, ಗದ್ದೆ, ಕೆರೆ ಒಂದೊಂದೂ ಒಂದೊಂದು ರೀತಿ ಕಾಯುತ್ತವೆ. ಬಿಸಿ ಜಾಸ್ತಿಯಾದ ಕಡೆ ಗಾಳಿ ಮೇಲೇಳುತ್ತದೆ, ಪಕ್ಕದಲ್ಲಿ ಕೆಳಗಿಳಿಯುತ್ತದೆ. ವಿಮಾನ ಏರುವಾಗ, ಇಳಿಯುವಾಗ ಆ ಗಾಳಿಯನ್ನೇ ಹಾದು ಹೋಗಬೇಕು. ಪ್ರೊಪೆಲ್ಲರ್ ಇರುವ ಎಟಿಆರ್ ದೊಡ್ಡ ಜೆಟ್‌ಗಳಷ್ಟು ಎತ್ತರ ಹೋಗುವುದಿಲ್ಲ, ಅದಕ್ಕೇ ಕುಲುಕಾಟ ಸ್ವಲ್ಪ ಜಾಸ್ತಿ ಹೊತ್ತು. ಬೇಸಿಗೆಯಲ್ಲಿ ಬೆಳಗಿನ ವಿಮಾನ ಇದ್ದರೆ ಅದನ್ನೇ ಹಿಡಿಯಿರಿ, ರೆಕ್ಕೆಯ ಹತ್ತಿರದ ಸೀಟು ಕೇಳಿ, ಬೆಲ್ಟ್ ಬಿಚ್ಚಬೇಡಿ. ಇಳಿಯುವಾಗ ಕಿವಿ ಕಟ್ಟಿದರೆ ಏನಾದರೂ ಅಗಿಯುತ್ತಾ ಉಗುಳು ನುಂಗುತ್ತಿರಿ. ಜೋರು ನೆಗಡಿ ಇದ್ದ ದಿನ ಪ್ರಯಾಣ ಮುಂದೆ ಹಾಕುವುದೇ ಒಳ್ಳೆಯದು.

ತೋರಣಗಲ್ಲಿನಿಂದ ಬೆಂಗಳೂರಿಗೆ ಹೋಗುವಾಗ ಯಾವ ಕಡೆ ಕಿಟಕಿ ಕೇಳಲಿ?
— ಓದುಗರು, ಕಂಪ್ಲಿ

ಬಲಗಡೆ. ಸಂಡೂರಿನ ಬೆಟ್ಟಗಳು ಆ ಕಡೆಗಿವೆ, ಮಳೆಗಾಲದಲ್ಲಿ ಹೋದರೆ ಹಸಿರು, ಕೆಂಪು ಎರಡೂ ನೋಡಬಹುದು. ಎಟಿಆರ್ ಆದರೆ ರೆಕ್ಕೆ ಮೇಲಿರುತ್ತದೆ, ಕೆಳಗಿನ ನೋಟಕ್ಕೆ ಅಡ್ಡ ಬರಲ್ಲ. ಆದರೆ ನಡುವಿನ ಸಾಲಿನಲ್ಲಿ ಎಂಜಿನ್, ಚಕ್ರ ಕಣ್ಣಿಗೆ ಅಡ್ಡ. ಹಿಂದಿನ ಸಾಲು ಕೇಳಿ. ಆ ವಿಮಾನದಲ್ಲಿ ಬಾಗಿಲೂ ಹಿಂದೆಯೇ ಇರುವುದರಿಂದ ಬೇಗ ಇಳಿಯಲೂಬಹುದು.