ಮಾರ್ಫಾಲಜಿ 3% ಅಂದರೆ ಉಳಿದ 97 ಕೆಲಸಕ್ಕೆ ಬಾರದವಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ವೀರ್ಯ ಪರೀಕ್ಷೆಯಲ್ಲಿ ಕೌಂಟ್ ಸರಿ ಇದೆ, ಚಲನೆಯೂ ಸರಿ ಇದೆ, ಆದರೆ ಮಾರ್ಫಾಲಜಿ, ಅಂದರೆ ಸರಿಯಾದ ಆಕಾರದ ವೀರ್ಯಾಣು, 3% ಮಾತ್ರ. ಮಗು ಆಗಲ್ವಾ, ಆದರೂ ಮಗುವಿಗೆ ತೊಂದರೆ ಇರುತ್ತಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಲ್ಯಾಬಿನಲ್ಲಿ ಕೂತು ಇವನ್ನು ಎಣಿಸುವವನು. ಆ 3 ಎಲ್ಲಿಂದ ಬರುತ್ತದೆ ಅಂತ ಮಾತ್ರ ಚೆನ್ನಾಗಿ ಗೊತ್ತು.

ಒಂದು ಹನಿಯನ್ನು ಸ್ಲೈಡ್ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಬಣ್ಣ ಹಾಕಿ, ಸಾವಿರ ಪಟ್ಟು ದೊಡ್ಡದು ಮಾಡಿ ನೋಡುತ್ತೇವೆ. ಕಡೇಪಕ್ಷ 200 ಎಣಿಸಬೇಕು. ತಲೆ ನಯವಾಗಿ ಮೊಟ್ಟೆಯಾಕಾರದಲ್ಲಿರಬೇಕು, ಅದರ ಮುಂದಿನ ಟೋಪಿ ತಲೆಯ 40ರಿಂದ 70 ಶೇಕಡಾದಷ್ಟು ಕಾಣಬೇಕು, ಬಾಲ ಒಂದೇ ಇರಬೇಕು, ಸುರುಳಿ ಸುತ್ತಿಕೊಂಡಿರಬಾರದು. ನಿಯಮ ಎಷ್ಟು ಬಿಗಿ ಅಂದರೆ, ಸರಿಯೋ ಅಲ್ವೋ ಅಂತ ಅನುಮಾನ ಬಂದರೆ ಸರಿ ಇಲ್ಲ ಅಂತಲೇ ಲೆಕ್ಕ. ಕತ್ತಿನ ಹತ್ತಿರ ಒಂಚೂರು ದಪ್ಪ ಕಂಡಿತಾ, ಅದೂ ಹೊರಗೆ. 200ರಲ್ಲಿ 8 ಸಿಕ್ಕರೆ 4%, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಗೆರೆಯ ಮೇಲೆ. 6 ಸಿಕ್ಕರೆ ನಿಮ್ಮ 3%. ನಿಮ್ಮ ನಿದ್ದೆ ಕೆಡಿಸಿರುವುದು ಎರಡು ವೀರ್ಯಾಣು! ಆ ಗೆರೆ ಎಳೆದಿದ್ದೂ ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರ ಲೆಕ್ಕ ನೋಡಿಯೇ. ಅವರಲ್ಲೂ ನೂರಕ್ಕೆ ಐದು ಮಂದಿ ಗೆರೆಯ ಕೆಳಗಿದ್ದರು.

ಹಾಗಂತ ಆಕಾರಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಪ್ರತಿ ಭಾಗಕ್ಕೂ ಒಂದೊಂದು ಕೆಲಸ ಇದೆ. ಟೋಪಿಯಲ್ಲಿರುವ ಕಿಣ್ವಗಳು ಅಂಡಾಣುವಿನ ಹೊರಪದರ ದಾಟಲು ಬೇಕು. ತಲೆಯೊಳಗೆ ಡಿಎನ್ಎ ಒತ್ತಾಗಿ ಮಡಿಚಿಟ್ಟಿರುತ್ತದೆ. ಕತ್ತಿನ ಕೆಳಗಿನ ಭಾಗಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾ ಸುರುಳಿಯಾಗಿ ಸುತ್ತಿಕೊಂಡಿರುತ್ತವೆ, ಬಾಲ ಬಡಿಯುತ್ತದೆ. ನಾನು ಸ್ಲೈಡ್ ನೋಡುವಾಗ ಹುಡುಕುವುದು ಒಂದನ್ನು: ಎಲ್ಲದರಲ್ಲೂ ಒಂದೇ ದೋಷ ಇದೆಯಾ, ಅಥವಾ ಒಂದಕ್ಕೆ ತಲೆ ಉದ್ದ, ಇನ್ನೊಂದಕ್ಕೆ ಬಾಲ ಸೊಟ್ಟ ಅಂತ ಕಲಬೆರಕೆಯಾ? ಕಲಬೆರಕೆ ದಿನಾ ಕಾಣುತ್ತೇವೆ. ಒಂದೇ ದೋಷ ಅಪರೂಪ, ಅದೇ ನಿಜವಾದ ಸುಳಿವು.

ಒಂದು ಸ್ಲೈಡ್ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಷ್ಟೂ ವೀರ್ಯಾಣುಗಳ ತಲೆ ಗುಂಡುಸೂಜಿಯ ತಲೆಯಂತೆ ದುಂಡಗೆ, ಒಂದಕ್ಕೂ ಟೋಪಿ ಇಲ್ಲ. ಕೌಂಟ್ ಕೆಟ್ಟದ್ದೇನಲ್ಲ, ಓಡುತ್ತಲೂ ಇದ್ದವು. ಆದರೆ ಅಂಡಾಣುವಿನ ಬಾಗಿಲಿಗೆ ಹೋಗಿ ನಿಂತರೂ ಒಳಗೆ ಹೋಗಲು ದಾರಿ ಇಲ್ಲ. ಡಿಪಿವೈ19ಎಲ್2 ಎಂಬ ಜೀನ್ ಇಲ್ಲದಿರುವುದು ಇಂಥವರಲ್ಲಿ ಸಾಮಾನ್ಯ ಕಾರಣ. ಇಕ್ಸಿ ಮಾಡಿ, ಅಂದರೆ ಲ್ಯಾಬಿನಲ್ಲಿ ಒಂದು ವೀರ್ಯಾಣುವನ್ನು ಸೂಜಿಯಿಂದ ನೇರ ಅಂಡಾಣುವಿನ ಒಳಗೆ ಬಿಟ್ಟರೂ ಎಷ್ಟೋ ಸಲ ಅಂಡಾಣು ಎಚ್ಚರಗೊಳ್ಳುವುದಿಲ್ಲ, ಅದನ್ನು ಎಬ್ಬಿಸುವ ಪ್ರೋಟೀನೂ ಈ ವೀರ್ಯಾಣುವಿನಲ್ಲಿ ಇರುವುದಿಲ್ಲ. ಲ್ಯಾಬಿನಲ್ಲಿ ಬೇರೆಯಾಗಿ ಎಬ್ಬಿಸಬೇಕಾಗುತ್ತದೆ.

ಬಾಲದ ಕಥೆ ಬೇರೆ. ಎಲ್ಲದರ ಬಾಲವೂ ಮೋಟು ಅಥವಾ ಸುರುಳಿ ಆಗಿದ್ದರೆ ಈಜುವ ಮಾತೇ ಇಲ್ಲ, ಆದರೆ ಇಕ್ಸಿಗೆ ಈಜು ಬೇಕಾಗಿಲ್ಲವಲ್ಲ, ಹಾಗಾಗಿ ಅಲ್ಲಿ ದಾರಿ ಇದೆ. ಇನ್ನು ಕೆಲವರಲ್ಲಿ ಬಾಲ ನೋಡಲು ಚೆಂದ, ಕದಲುವುದೇ ಇಲ್ಲ. ಬಾಲದೊಳಗಿನ ಸಣ್ಣ ಎಳೆಗಳನ್ನು ಜಗ್ಗುವ ಡೈನೀನ್ ತೋಳುಗಳು ಇರುವುದಿಲ್ಲ, ನಮ್ಮ ಮೈಕ್ರೋಸ್ಕೋಪಿಗೆ ಅದು ಕಾಣುವುದಿಲ್ಲ. ಇಂಥವರಿಗೆ ಚಿಕ್ಕಂದಿನಿಂದ ಕಫ, ಸೈನಸ್ ಕಾಟ ಇದೆಯಾ ಅಂತ ಡಾಕ್ಟರ್ ಕೇಳುತ್ತಾರೆ. ಶ್ವಾಸನಾಳದ ಕೂದಲೆಳೆಗಳೂ ಅದೇ ಯಂತ್ರದಿಂದ ಓಡುವುದು.

ಮಗುವಿನ ವಿಷಯಕ್ಕೆ ಬಂದರೆ, ತಲೆ ಸೊಟ್ಟ ಇದ್ದ ಮಾತ್ರಕ್ಕೆ ಒಳಗಿನ ಜೀನ್ ಸೊಟ್ಟ ಅಲ್ಲ. ನೋಡಲು ಲಕ್ಷಣವಾಗಿರುವುದರ ಡಿಎನ್ಎ ತುಂಡಾಗಿರಲೂಬಹುದು, ಅದಕ್ಕೆ ಬೇರೆ ಪರೀಕ್ಷೆ ಇದೆ. ಒಂದು ಅಪವಾದ: ಹೆಚ್ಚುಕಡಿಮೆ ಎಲ್ಲವೂ ದೊಡ್ಡ ತಲೆ, ಮೂರ್ನಾಲ್ಕು ಬಾಲದವಾಗಿದ್ದರೆ ಕ್ರೋಮೋಸೋಮ್ ಲೆಕ್ಕವೇ ತಪ್ಪಿರುತ್ತದೆ. ಆಗ ಜೀನ್ ಪರೀಕ್ಷೆ ಆಗದೆ ಇಕ್ಸಿಗೆ ಕೈ ಹಾಕಬಾರದು.

ನಿಮ್ಮದು ಕಲಬೆರಕೆಯಾಗಿದ್ದರೆ, ಬರೀ 3% ನೋಡಿ ಯಾರಾದರೂ ನೇರ ಇಕ್ಸಿ ಮಾಡಿಸಿ ಅಂದರೆ ನಾನಾದರೆ ಒಪ್ಪುವುದಿಲ್ಲ. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ನಡುವೆ ಜೋರು ಜ್ವರ ಬಂದಿದ್ದರೂ ರಿಪೋರ್ಟ್ ಕೆಡುತ್ತದೆ. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಿ. ಸಿಗರೇಟ್ ಇದ್ದರೆ ಬಿಡಿ, ವೇರಿಕೋಸೀಲ್ (ವೃಷಣದ ಮೇಲಿನ ರಕ್ತನಾಳ ಊದಿಕೊಳ್ಳುವುದು) ಇದೆಯಾ ಅಂತ ತೋರಿಸಿ, ಮನೆಯವರ ಪರೀಕ್ಷೆಗಳೂ ಜೊತೆಗೇ ಆಗಲಿ. ಮತ್ತೆ ರಿಪೋರ್ಟ್ ತೆಗೆದುಕೊಳ್ಳುವಾಗ ತಲೆ, ಕತ್ತು, ಬಾಲ ಯಾವುದರಲ್ಲಿ ಎಷ್ಟು ದೋಷ ಅಂತ ಬರೆದುಕೊಡಿ ಎಂದು ಕೇಳಿ. ನಾನಂತೂ ಎಣಿಸುವಾಗ ಗುರುತು ಹಾಕಿಕೊಂಡೇ ಇರುತ್ತೇನೆ, ಎಷ್ಟೋ ಸಲ ರಿಪೋರ್ಟಿಗೆ ಹೋಗುವುದಿಲ್ಲ ಅಷ್ಟೇ.