ಹೊಸಬರು ಬಂದಿದ್ದಾರೆ, ಒಂದು ಕಡ್ಡಿ ಕೊಡಿ
ಮನೆ ಮತ್ತು ತೋಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಜೂನ್ ಬಂತು ಅಂದರೆ ಬೆಂಗಳೂರಿನಲ್ಲಿ ಮನೆ ಬದಲಾಯಿಸುವವರು ಜಾಸ್ತಿ. ಮಕ್ಕಳ ಶಾಲೆ ಶುರುವಾಗುವ ಹೊತ್ತಿಗೆ ಹೊಸ ಏರಿಯಾ, ಹೊಸ ಬಾಡಿಗೆ ಮನೆ, ಹೊಸ ನೆರೆಹೊರೆ. ಅದಕ್ಕೇ ಇರಬೇಕು, ಈ ಸಲದ ಪತ್ರಗಳಲ್ಲಿ ಎಲೆ ಮುದುರಿತು, ಹುಳ ಬಿತ್ತು ಅನ್ನುವ ಪ್ರಶ್ನೆ ಕಡಿಮೆ. ಜನರ ಪರಿಚಯ ಹೇಗೆ ಮಾಡಿಕೊಳ್ಳುವುದು ಅಂತ ಕೇಳಿದವರೇ ಹೆಚ್ಚು.

ಪ್ರಶ್ನೆ: ಮೇಡಂ, ಧಾರವಾಡದಿಂದ ಬಂದು ವಿಜಯನಗರದಲ್ಲಿ ಬಾಡಿಗೆಗಿದ್ದೇವೆ. ಎರಡನೇ ಮಹಡಿ, ಒಂದು ಬಾಲ್ಕನಿ. ನಮ್ಮ ರಸ್ತೆಯಲ್ಲಿ ಗಿಡ ಬೆಳೆಸುವವರು ಭಾನುವಾರ ಪಾರ್ಕಿನಲ್ಲಿ ಸೇರುತ್ತಾರೆ. ನಾನೂ ಹೋಗಿ ಸುಮ್ನೆ ಕೂತು ಬರುತ್ತೇನೆ. ಅವರ ಮಾತೆಲ್ಲ ತೆಂಗಿನ ನಾರಿನ ಪುಡಿಯ ಕೋಕೋಪೀಟ್, ಸಗಣಿ-ಗಂಜಲದ ಜೀವಾಮೃತ, ಬೇವಿನ ಹಿಂಡಿ. ನನ್ನ ಹತ್ತಿರ ಇರುವುದು ಊರಿಂದ ತಂದ ಒಂದು ತುಳಸಿ. ಏನಂತ ಪರಿಚಯ ಹೇಳಿಕೊಳ್ಳಲಿ?

ಉತ್ತರ: ಸಾಮಾನಿನ ಲಾರಿಯಲ್ಲಿ ತುಳಸಿ ಕುಂಡವನ್ನೂ ಜೋಪಾನವಾಗಿ ತಂದಿದ್ದೀರಲ್ಲ, ಅದನ್ನೇ ಹೇಳಿ. ಗಿಡದವರಿಗೆ ಇದಕ್ಕಿಂತ ದೊಡ್ಡ ಪರಿಚಯ ಬೇಕಿಲ್ಲ.

ಅದರ ಜೊತೆಗೆ ನಿಮ್ಮ ಬಿಸಿಲಿನ ಲೆಕ್ಕವನ್ನೂ ಹೇಳಿ. ಬಾಲ್ಕನಿ ಯಾವ ದಿಕ್ಕಿಗಿದೆ, ಬಿಸಿಲು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೋಗುತ್ತೆ, ನೀರು ಕಾವೇರಿಯದೋ ಬೋರ್‌ವೆಲ್‌ದೋ. ಇಷ್ಟು ಹೇಳಿದರೆ ಕೂತಿದ್ದವರಲ್ಲಿ ನಾಲ್ಕು ಜನ ಖಂಡಿತ ನಿಮ್ಮ ಕಡೆ ತಿರುಗುತ್ತಾರೆ. ‘ನಾನು ಹೊಸಬಳು, ಏನು ಬೆಳೀಬಹುದು?’ ಅಂದರೆ ಯಾರಿಗೂ ಉತ್ತರ ಹೊಳೆಯಲ್ಲ. ‘ಬೆಳಿಗ್ಗೆ ಮೂರು ಗಂಟೆ ಕಾಲ ಬಿಸಿಲು ಬೀಳುತ್ತೆ’ ಅಂದರೆ ಉತ್ತರ ತಕ್ಷಣ ಬರುತ್ತೆ: ಟೊಮೆಟೊ ಬೇಡ, ಅದಕ್ಕೆ ಆರು ಗಂಟೆಯಾದರೂ ಬೇಕು. ಪುದೀನ, ದೊಡ್ಡಪತ್ರೆ, ಒಂದೆಲಗ, ಮೆಂತ್ಯ ಸೊಪ್ಪು ಹಾಕಿ.

ಬಿಸಿಲಿನ ವಿಷಯದಲ್ಲಿ ಒಂದು ವಿಶೇಷವಿದೆ, ಹೊಸಬರಿಗೆ ಗೊತ್ತಿರಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಹೊತ್ತು ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಆಮೇಲೆ ದಕ್ಷಿಣಕ್ಕೆ ಸರಿಯುತ್ತಾ ಹೋಗುತ್ತಾನೆ. ಹಾಗಾಗಿ ಈ ಜೂನ್‌ನಲ್ಲಿ ನಿಮ್ಮ ಉತ್ತರದ ಬಾಲ್ಕನಿಗೆ ಬಿದ್ದ ಬಿಸಿಲು ದೀಪಾವಳಿ ಹೊತ್ತಿಗೆ ಮಾಯವಾಗಬಹುದು. ದಕ್ಷಿಣದ ಬಾಲ್ಕನಿಗೆ ಈಗ ಏನೂ ಇಲ್ಲ ಅನ್ನಿಸಿದರೂ ಡಿಸೆಂಬರ್‌ನಲ್ಲಿ ಒಳಗಿನ ಕೋಣೆವರೆಗೂ ಬಿಸಿಲು ಬರುತ್ತೆ. ಎದುರು ಬಿಲ್ಡಿಂಗ್ ಎಷ್ಟು ಅಡ್ಡ ಬರುತ್ತೆ ಅನ್ನುವುದು ಆ ರಸ್ತೆಯಲ್ಲಿ ವರ್ಷಗಳಿಂದ ಇರುವವರಿಗೇ ಗೊತ್ತು. ಆದ್ದರಿಂದ ಪಾರ್ಕಿನಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ‘ದೀಪಾವಳಿ ಹೊತ್ತಿಗೆ ನಮ್ಮ ಸಾಲಿನ ಮನೆಗಳಿಗೆ ಬಿಸಿಲು ಇರುತ್ತಾ?’

ಎರಡನೆಯದು, ನೆಡಲು ಗಿಡದ ಕಡ್ಡಿ ಕೇಳಿ. ಮನಿಪ್ಲಾಂಟ್ ಕದ್ದು ತಂದರೇ ಚೆನ್ನಾಗಿ ಬೆಳೆಯುತ್ತೆ ಅಂತ ಹೇಳುವವರಿದ್ದಾರೆ. ಆ ಮಾತು ನನಗೆ ಯಾವತ್ತೂ ಇಷ್ಟವಾಗಿಲ್ಲ. ಕೇಳಿದರೆ ಗಿಡವೂ ಬರುತ್ತೆ, ಅದನ್ನು ಬೆಳೆಸುವ ಕ್ರಮವೂ ಬರುತ್ತೆ. ಬನಶಂಕರಿಯಲ್ಲಿ ನಮ್ಮ ಎದುರು ಮನೆಯ ಅಜ್ಜಿ ಬೆಳಿಗ್ಗೆ ಪೂಜೆಗೆ ಹೂವು ಬಿಡಿಸುವಾಗ ಯಾರಾದರೂ ಗೇಟಿನ ಹತ್ತಿರ ನಿಂತು ‘ಅಜ್ಜಿ, ಒಂದು ಕಡ್ಡಿ ಕೊಡ್ತೀರಾ?’ ಅಂದರೆ ಬುಟ್ಟಿ ಕೆಳಗಿಟ್ಟು ಒಳಗಿಂದ ಕತ್ತರಿ ತರುತ್ತಾರೆ. ದಾಸವಾಳದಲ್ಲಿ ಎಳೆ ಚಿಗುರನ್ನು ಮುಟ್ಟುವುದಿಲ್ಲ. ಪೆನ್ಸಿಲ್ ದಪ್ಪದ, ಬಲಿತ ಕೊಂಬೆ ಹುಡುಕಿ, ಗಿಣ್ಣಿನ ಕೆಳಗೆ ಓರೆಯಾಗಿ, ಗೇಣುದ್ದ ಕತ್ತರಿಸುತ್ತಾರೆ. ಕೆಳಗಿನ ಎಲೆಗಳನ್ನೆಲ್ಲ ತೆಗೆದು, ತುದಿಯಲ್ಲಿ ಎರಡನ್ನು ಮಾತ್ರ ಬಿಟ್ಟು, ಅವನ್ನೂ ಅರ್ಧಕ್ಕೆ ಕತ್ತರಿಸಿ, ಒದ್ದೆ ಪೇಪರ್‌ನಲ್ಲಿ ಸುತ್ತಿ ಕೊಡುತ್ತಾರೆ. ‘ಎರಡು ಗಿಣ್ಣು ಮಣ್ಣೊಳಗೆ ಹೋಗ್ಲಿ, ನೆರಳಲ್ಲಿಡು, ಬೇರು ಬಂತಾ ಅಂತ ಕಿತ್ತು ನೋಡ್ಬೇಡ’ ಅನ್ನುತ್ತಾರೆ. ಈಗ ಮಳೆ ಶುರುವಾಗಿದೆ, ಕಡ್ಡಿ ಹತ್ತಲು ಇದೇ ಒಳ್ಳೆ ಕಾಲ. ದೊಡ್ಡಪತ್ರೆಯಂತೂ ಚುಚ್ಚಿದರೆ ಸಾಕು, ಬೇರು ಬಿಡುತ್ತೆ.

ತೆಗೆದುಕೊಂಡ ಮೇಲೆ ಕೊಡುವುದೂ ಇದೆ. ನಿಮ್ಮ ತುಳಸಿಯ ತೆನೆ ಒಣಗಿದಾಗ ಅಂಗೈಯಲ್ಲಿ ಉಜ್ಜಿ ಬೀಜ ತೆಗೆದು ಒಂದು ಚೀಟಿಯಲ್ಲಿ ಕಟ್ಟಿಕೊಂಡು ಹೋಗಿ. ಧಾರವಾಡದ ತುಳಸಿ ಅಂದರೆ ಪಾರ್ಕಿನಲ್ಲಿ ಬೇಡ ಅನ್ನುವವರು ಯಾರೂ ಇರಲ್ಲ.

ಇನ್ನೊಂದು ಮಾತು. ಪಾರ್ಕಿನವರ ಪರಿಚಯಕ್ಕಿಂತ ಮೊದಲು ಕೆಳಗಿನ ಮನೆಯವರ ಪರಿಚಯ ಆಗಲಿ. ಎರಡನೇ ಮಹಡಿಯ ಕುಂಡದಿಂದ ಇಳಿದ ಕೆಂಪು ನೀರು ಮೊದಲನೇ ಮಹಡಿಯ ಒಗೆದ ಬಟ್ಟೆ ಮೇಲೆ ಬಿದ್ದರೆ ಆಮೇಲೆ ಮಾತು ಕಷ್ಟ. ಪ್ರತಿ ಕುಂಡದ ಕೆಳಗೂ ತಟ್ಟೆ ಇಡಿ. ಅವರು ಬಟ್ಟೆ ಒಣಗಿಸುವ ಹೊತ್ತು ಯಾವುದು ಅಂತ ನೀವೇ ಹೋಗಿ ಕೇಳಿ ಬನ್ನಿ. ಮಳೆ ನೀರು ತಟ್ಟೆಯಲ್ಲಿ ನಿಲ್ಲಲು ಬಿಡಬೇಡಿ, ಸೊಳ್ಳೆಯಾಗುತ್ತೆ.

ಪ್ರಶ್ನೆ: ನಿವೃತ್ತನಾದ ಮೇಲೆ ಉತ್ತರಹಳ್ಳಿ ಕಡೆ 30x40 ಸೈಟಿನ ಹಳೇ ಮನೆ ಕೊಂಡೆ. ತಾರಸಿ ತುಂಬಾ ಪೇಂಟ್ ಬಕೆಟ್ ಜೋಡಿಸಿ ತರಕಾರಿ ಬೆಳೆಯುವ ಆಸೆ. ಪಕ್ಕದ ಮನೆಯವರು ಸ್ಲ್ಯಾಬ್ ಸೋರುತ್ತೆ ಅಂತ ಹೆದರಿಸುತ್ತಾರೆ. ಇಲ್ಲಿ ನನಗೆ ಯಾವ ಮೇಸ್ತ್ರಿಯೂ ಗೊತ್ತಿಲ್ಲ.

ಉತ್ತರ: ಪಕ್ಕದ ಮನೆಯವರ ಮಾತನ್ನು ಹೆದರಿಕೆ ಅಂದುಕೊಳ್ಳಬೇಡಿ ಸರ್. ಅವರ ಮನೆಯೂ ನಿಮ್ಮ ಮನೆ ಕಟ್ಟಿದ ಕಾಲದ್ದೇ ಆಗಿದ್ದರೆ ಅವರಷ್ಟು ಒಳ್ಳೆ ಸಲಹೆಗಾರರು ಬೇರೆ ಸಿಗಲ್ಲ. ಒಂದು ಸಂಜೆ ಅವರ ತಾರಸಿ ನೋಡಲು ಹೋಗಿ. ಎಲ್ಲಿ ಬಿರುಕು ಬಂತು, ಯಾರ ಹತ್ತಿರ ರಿಪೇರಿ ಮಾಡಿಸಿದರು ಅಂತ ಕೇಳಿ. ಮೇಸ್ತ್ರಿ ಸಿಗುವುದು ಹಾಗೇ. ಯಾವ ಮೇಸ್ತ್ರಿ ಬಂದರೂ ‘ನೀವು ಕೆಲಸ ಮಾಡಿ ಎರಡು ಮಳೆಗಾಲ ಕಳೆದ ತಾರಸಿ ತೋರಿಸಿ’ ಅನ್ನಿ. ಹೊಸದಾಗಿ ಬಳಿದ ಕೋಟಿಂಗ್ ಎಲ್ಲರದೂ ಚೆನ್ನಾಗೇ ಕಾಣುತ್ತೆ.

ಈಗ ತೂಕದ ಲೆಕ್ಕ. ಜನ ಓಡಾಡುವ ತಾರಸಿಗೆ ನಮ್ಮ ಕಟ್ಟಡ ಸಂಹಿತೆಯಲ್ಲಿ ಹಿಡಿಯುವ ಭಾರ ಚದರ ಮೀಟರ್‌ಗೆ ಸುಮಾರು 150 ಕೆಜಿ. ಅಂದರೆ ಹತ್ತಿರ ಹತ್ತಿರ 11 ಚದರ ಅಡಿ ಜಾಗಕ್ಕೆ ಅಷ್ಟು. 20 ಲೀಟರ್ ಬಕೆಟ್‌ಗೆ ಬರೀ ಕೆಂಪು ಮಣ್ಣು ತುಂಬಿ ನೀರು ಹಾಕಿದರೆ 30 ಕೆಜಿ ದಾಟುತ್ತೆ. ಒಂದಕ್ಕೊಂದು ಒತ್ತಿ ಇಟ್ಟರೆ ಆ ಜಾಗದಲ್ಲಿ ಒಂಬತ್ತು ಬಕೆಟ್ ಹಿಡಿಯುತ್ತೆ. ಅಲ್ಲಿಗೆ 270 ಕೆಜಿ ಆಯ್ತು! ಅದಕ್ಕೇ ತಾರಸಿ ತುಂಬಾ ಜೋಡಿಸುವ ಯೋಚನೆ ಬಿಡಿ. ಮಣ್ಣಿಗೆ ಕೋಕೋಪೀಟ್ ಮತ್ತು ಎರೆಗೊಬ್ಬರ ಬೆರೆಸಿದರೆ ತೂಕ ಇಳಿಯುತ್ತೆ. ಬಕೆಟ್‌ಗಳನ್ನು ಗೋಡೆ ಮತ್ತು ಬೀಮ್ ಇರುವ ಸಾಲಿನಲ್ಲಿ, ನಡುವೆ ಜಾಗ ಬಿಟ್ಟು ಇಡಿ. ರೂಮಿನ ನಟ್ಟನಡುವೆ ಬರುವ ಸ್ಲ್ಯಾಬ್ ಖಾಲಿ ಇರಲಿ. ಹಳೇ ಮನೆ ಅಂದಿರಲ್ಲ, ಒಳಗಿನ ಸೀಲಿಂಗ್‌ನಲ್ಲಿ ಕಬ್ಬಿಣ ಕಾಣುತ್ತಿದ್ದರೆ ಅಥವಾ ಗಾರೆ ಉದುರುತ್ತಿದ್ದರೆ ಎಂಜಿನಿಯರ್‌ಗೆ ತೋರಿಸದೆ ಒಂದು ಬಕೆಟ್ಟೂ ಮೇಲೆ ಹತ್ತಿಸಬೇಡಿ.

ಸೋರುತ್ತಾ ಇಲ್ಲವಾ ನೋಡಲು ಮಳೆ ಬಿಡುವು ಕೊಟ್ಟ ದಿನ ತಾರಸಿಯ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಒಂದು ಅಂಗುಲ ನೀರು ನಿಲ್ಲಿಸಿ. ಒಂದು ದಿನ ಪೂರ್ತಿ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ. ಕಲೆ ಬಂದರೆ ಮೊದಲು ವಾಟರ್‌ಪ್ರೂಫಿಂಗ್, ಗಿಡ ಆಮೇಲೆ. ಆ ಕೆಲಸಕ್ಕೆ ಸ್ಲ್ಯಾಬ್ ಚೆನ್ನಾಗಿ ಒಣಗಿರಬೇಕು, ಜನವರಿಯಿಂದ ಮಾರ್ಚ್‌ವರೆಗಿನ ಕಾಲ ಒಳ್ಳೆಯದು. ಬಕೆಟ್‌ಗಳನ್ನು ನೆಲಕ್ಕೆ ತಾಗಿಸದೆ ಇಟ್ಟಿಗೆ ಮೇಲೋ ಸ್ಟ್ಯಾಂಡ್ ಮೇಲೋ ಇಡಿ. ನೀರು ಹರಿದು ಹೋಗುವ ದಾರಿಯಲ್ಲಿ ಏನನ್ನೂ ಇಡಬೇಡಿ.

ಪ್ರಶ್ನೆ: ಬಸವನಗುಡಿಯಲ್ಲಿ ನಮ್ಮದು ಹಳೇ ಗುಂಪು. ಹೊಸಬರು ಬಂದಾಗಲೆಲ್ಲ ಅದೇ ಪ್ರಶ್ನೆ: ‘ಕರಿಬೇವು ಯಾಕೆ ಬರ್ತಿಲ್ಲ?’ ಉತ್ತರ ಹೇಳಿ ಹೇಳಿ ಸಾಕಾಗಿದೆ.

ಉತ್ತರ: ನಿಮಗೆ ಸಾಕಾಗಿರಬಹುದು, ಕೇಳುವವರಿಗೆ ಅದು ಮೊದಲನೇ ಸಲ. ದಯವಿಟ್ಟು ಮತ್ತೆ ಹೇಳಿ. ನಾನಂತೂ ಇದರಲ್ಲಿ ಹೊಸಬರ ಪಕ್ಷ. ಪ್ರಶ್ನೆ ಒಂದೇ ಆದರೂ ಕಾರಣ ಪ್ರತಿ ಮನೆಯಲ್ಲೂ ಬೇರೆ. ಒಬ್ಬರು ದಿನಾ ನೀರು ಹಾಕಿ ಬೇರು ಕೊಳೆಸಿರುತ್ತಾರೆ. ಇನ್ನೊಬ್ಬರು ಒಗ್ಗರಣೆಗೆ ಒಂದೊಂದೇ ಎಲೆ ಕೀಳುತ್ತಿರುತ್ತಾರೆ. ಅವರಿಗೆ ಎಸಳು ಪೂರ್ತಿ ಕತ್ತರಿಸಲು, ತುದಿ ಚಿವುಟಲು ತೋರಿಸಿಕೊಡಬೇಕು. ಮತ್ತೊಬ್ಬರ ಗಿಡದಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳ ಇರುತ್ತೆ, ಅದು ನಿಂಬೆ ಜಾತಿಯ ಗಿಡಗಳಿಗೆ ಬರುವ ಚಿಟ್ಟೆಯದು. ಡಿಸೆಂಬರ್ ಚಳಿಗೆ ಗಿಡ ಸುಮ್ಮನಾದರೆ ಸತ್ತೇ ಹೋಯ್ತು ಅಂತ ಕಿತ್ತು ಬಿಸಾಡುವವರೂ ಇದ್ದಾರೆ. ಬಾಯಲ್ಲಿ ಹೇಳುವ ಬದಲು ‘ಒಂದು ಎಸಳು ತಗೊಂಡು ಬನ್ನಿ, ನೋಡೋಣ’ ಅನ್ನಿ. ಆಗ ನಿಮಗೂ ಬೇಜಾರಾಗಲ್ಲ, ಅವರಿಗೂ ಮುಂದಿನ ವಾರ ಬರಲು ಒಂದು ಕಾರಣ ಸಿಗುತ್ತೆ.

ಪ್ರಶ್ನೆ: ಬೇಸಿಗೆಯಲ್ಲಿ ಗಿಡಕ್ಕೆ ನೀರು ಹಾಕಿದ್ದಕ್ಕೆ ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಜಗಳ ಮಾಡಿದರು. ಅವರದು ಸರೀನಾ?

ಉತ್ತರ: ಕುಡಿಯುವ ನೀರಾಗಿದ್ದರೆ ಅವರದೇ ಸರಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸಬಾರದು ಅಂತ ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿತ್ತು. ಅಕ್ಕಿ, ತರಕಾರಿ ತೊಳೆದ ನೀರನ್ನು ಒಂದು ಬಕೆಟ್‌ನಲ್ಲಿ ಸೇರಿಸಿಡಿ, ಬಾಲ್ಕನಿಗೆ ಅಷ್ಟು ಸಾಕು. ಬೋರ್‌ವೆಲ್ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಮಾತ್ರ ದಿನಾ ಹಾಕಬೇಡಿ, ಉಪ್ಪು ಸೇರಿ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತೆ. ಮಣ್ಣಿನ ಮೇಲೆ ಒಣ ಎಲೆ ಹರಡಿದರೆ ತೇವ ಬೇಗ ಆರಲ್ಲ.

ಪ್ರಶ್ನೆ: ನಮ್ಮ ಏರಿಯಾದಲ್ಲಿ ಇಂಥ ಗುಂಪೇ ಇಲ್ಲ. ಗಿಡದ ಹುಚ್ಚು ಇರುವವರು ಎಲ್ಲಿ ಸಿಗುತ್ತಾರೆ?

ಉತ್ತರ: ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಬರುತ್ತೆ. ಗಾಜಿನ ಮನೆಯ ಜನಸಂದಣಿಯಲ್ಲಿ ಯಾರ ಪರಿಚಯವೂ ಆಗಲ್ಲ. ಬೀಜ, ಗೊಬ್ಬರ, ಸಲಕರಣೆ ಮಾರುವ ಮಳಿಗೆಗಳ ಮುಂದೆ ನಿಲ್ಲಿ, ಅಲ್ಲಿ ಚೌಕಾಸಿ ಮಾಡುವವರೆಲ್ಲ ನಮ್ಮವರೇ. ಲಾಲ್‌ಬಾಗ್ ಒಳಗಿನ ನರ್ಸರಿಮೆನ್ ಸಹಕಾರ ಸಂಘದ ಮಾರಾಟದ ಜಾಗಕ್ಕೆ ವರ್ಷವಿಡೀ ಹೋಗಬಹುದು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳ ಸಾಮಾನ್ಯವಾಗಿ ನವೆಂಬರ್‌ನಲ್ಲಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬೀಜ ಸಿಕ್ಕಿದರೆ ಅರ್ಕಾ ಅನಾಮಿಕ ಬೆಂಡೆ, ಅರ್ಕಾ ಸುಗುಣ ದಂಟಿನ ಸೊಪ್ಪು ತನ್ನಿ. ಸೊಪ್ಪನ್ನು ಮೇಲೆ ಮೇಲೆ ಕತ್ತರಿಸಿದರೆ ಮತ್ತೆ ಮತ್ತೆ ಚಿಗುರುತ್ತೆ. ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲಿನ ಉದ್ಯಾನ ಇದೆ, ಮನೆ ರಿಪೇರಿ ಮಾಡಿಸುವವರು ಮೊದಲು ಅದನ್ನು ನೋಡಿ ಬನ್ನಿ.

ಲಾಲ್‌ಬಾಗ್ ಹತ್ತಿರದ ಸಿದ್ದಾಪುರದ ನರ್ಸರಿಗಳಿಗೂ ಹೋಗಿ. ಶನಿವಾರ, ಭಾನುವಾರ ಬೇಡ, ವಾರದ ನಡುವೆ ಹೋದರೆ ಮಾತಾಡಲು ಅವರಿಗೂ ಪುರುಸೊತ್ತು ಇರುತ್ತೆ. ಗಿಡ ಇಲ್ಲೇ ಬೆಳೆಸಿದ್ದೋ, ಆಂಧ್ರದ ಕಡಿಯಂನಿಂದ ಲಾರಿಯಲ್ಲಿ ಬಂದದ್ದೋ ಕೇಳಿ. ದೂರದಿಂದ ಬಂದ ಗಿಡವಾದರೆ ತಂದ ದಿನವೇ ಕುಂಡ ಬದಲಾಯಿಸಬೇಡಿ. ಒಂದು ವಾರ ಹತ್ತು ದಿನ ನೆರಳಲ್ಲಿ ಹಾಗೇ ಇಡಿ. ಎಲೆ ಉದುರಿದರೂ ಗಾಬರಿ ಬೇಡ, ಹೊಸ ಚಿಗುರು ಕಂಡ ಮೇಲೆ ಬಿಸಿಲಿಗೆ ಸರಿಸಿ.