ಮಳೆ ಲೆಕ್ಕದ ಆ್ಯಪ್ ಹ್ಯಾಕಥಾನ್‌ಗೆ ಹೊರಟಿದೆ, ಏನೇನು ಸಿದ್ಧತೆ ಬೇಕು?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಮಳೆ ಲೆಕ್ಕ ಬರೆದಿಡಲು ನಾನೇ ಒಂದು ಆ್ಯಪ್ ಮಾಡಿ, ಕೋಡನ್ನು ಎಲ್ಲರೂ ನೋಡುವಂತೆ ಗಿಟ್‌ಹಬ್ ವೆಬ್‌ಸೈಟಿಗೆ ಹಾಕಿದ್ದೇನೆ. ಮುಂದಿನ ತಿಂಗಳು ಹಾಸನದ ಕಾಲೇಜೊಂದರಲ್ಲಿ 24 ಗಂಟೆಯ ಹ್ಯಾಕಥಾನ್ (ಒಟ್ಟಿಗೆ ಕೂತು ಕೋಡ್ ಬರೆಯುವ ಕೂಟ) ಇದೆ. ನನ್ನ ಪ್ರಾಜೆಕ್ಟನ್ನೂ ಸೇರಿಸಿಕೊಳ್ಳುತ್ತಾರಂತೆ. ಇಷ್ಟು ದಿನ ಒಬ್ಬನೇ ಮಾಡಿದ್ದು. ಹುಡುಗರು ಬರುವ ಮೊದಲು ಏನು ಮಾಡಿಕೊಳ್ಳಲಿ?
ಓದುಗರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ನೀವು ಕಳಿಸಿದ ಲಿಂಕ್ ತೆರೆದು ನೋಡಿದೆ. ಕೆಲಸ ಚೆನ್ನಾಗಿದೆ. ಆದರೆ ಅದನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಲು ಒಂದೂವರೆ ಗಂಟೆ ಹಿಡಿಯಿತು. ಯಾವ ಡೇಟಾಬೇಸ್, ಯಾವ ವರ್ಷನ್ ಅಂತ ಎಲ್ಲೂ ಬರೆದಿಲ್ಲ. ಹುಡುಗರು ಅಷ್ಟು ಹೊತ್ತು ಕಾಯುವುದಿಲ್ಲ, ಬೇರೆ ಪ್ರಾಜೆಕ್ಟ್ ಹಿಡಿಯುತ್ತಾರೆ. ಹಾಗಾಗಿ ಮೊದಲ ಕೆಲಸ ರೀಡ್‌ಮಿ, ಅಂದರೆ ಆ್ಯಪ್ ಏನು, ಹೇಗೆ ಓಡಿಸುವುದು ಅಂತ ಹೇಳುವ ಫೈಲು. ನಿಮ್ಮ ಕೋಡ್ ಕಂಡೇ ಇಲ್ಲದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿ, ರೀಡ್‌ಮಿ ಓದಿಕೊಂಡು ಆ್ಯಪ್ ಓಡಿಸಲು ಹೇಳಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ ಅಲ್ಲಿಗೆ ಒಂದು ಸಾಲು ಸೇರಿಸಿ.

ನಿಮಗೆ ಹೊಳೆಯದಿರುವ ಇನ್ನೊಂದು ವಿಷಯ ಇದೆ. ಕೋಡಿನಲ್ಲಿ ‘ಸೆಂಟ್’ ಅಂತ ಒಂದು ಕಾಲಂ ಕಂಡೆ. ‘ನಿನ್ನೆ 40 ಸೆಂಟ್ ಬಿತ್ತು’ ಅಂದರೆ ನಿಮ್ಮೂರಲ್ಲಿ ಎಲ್ಲರಿಗೂ ಗೊತ್ತು. ನೂರು ಸೆಂಟ್ ಸೇರಿದರೆ ಒಂದು ಇಂಚು ಮಳೆ, ಅಂದರೆ 25.4 ಮಿಲಿಮೀಟರ್. ಆದರೆ ಮಂಗಳೂರು ಕಡೆಯಿಂದ ಓದಲು ಬಂದ ಹುಡುಗಿಗೆ ಸೆಂಟ್ ಅಂದರೆ ಜಾಗದ ಅಳತೆ. ಅರಸೀಕೆರೆಯ ಹುಡುಗನಿಗೆ ಎಕರೆ, ಗುಂಟೆ ಗೊತ್ತು, ಅಷ್ಟೇ. ಹೂಮಳೆಯನ್ನು ಯಾಕೆ ಬೇರೆ ಬಣ್ಣದಲ್ಲಿ ತೋರಿಸಿದ್ದೀರಿ ಅಂತಲೂ ಅವರಿಗೆ ತಿಳಿಯದು. ಬೇಸಿಗೆಯ ಆ ಮಳೆ ಬಿದ್ದ ಮೇಲೇ ಕಾಫಿ ಹೂ ಬಿಡುವುದು, ಫಸಲು ನಿಂತಿರುವುದೇ ಅದರ ಮೇಲೆ ಅಂತ ನಾಲ್ಕು ಸಾಲು ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಕೆಲಸ ಯಾರಿಗೆ ಬೇಕು ಅಂತ ಗೊತ್ತಾದ ಹುಡುಗರು ಹ್ಯಾಕಥಾನ್ ಮುಗಿದ ಮೇಲೂ ಉಳಿದದ್ದನ್ನು ನಾನು ಕಂಡಿದ್ದೇನೆ.

ಇಶ್ಯೂಗಳನ್ನೂ, ಅಂದರೆ ಗಿಟ್‌ಹಬ್‌ನಲ್ಲಿ ಪಟ್ಟಿ ಮಾಡುವ ಬಾಕಿ ಕೆಲಸಗಳನ್ನೂ, ಹಾಗೇ ಬಿಡಿಸಿ ಬರೆಯಬೇಕು. ‘ಆ್ಯಪ್ ಚೆನ್ನಾಗಿ ಕಾಣಬೇಕು’ ಅಂದರೆ ಯಾರು ಎಲ್ಲಿ ಕೈ ಹಾಕುತ್ತಾರೆ? ‘ಮಿಲಿಮೀಟರ್ ಲೆಕ್ಕವೂ ಬೇಕು, ಇಂಥ ಫೈಲಿನಲ್ಲಿ ಬದಲಿಸಿ, 40 ಸೆಂಟ್ ಹಾಕಿದರೆ 10.16 ಬರಬೇಕು’ ಅಂತಿರಲಿ. ಎರಡು ಮೂರು ಗಂಟೆಯಲ್ಲಿ ಮುಗಿಯುವ ಹತ್ತು ಇಶ್ಯೂ ಸಾಕು. ಅವಕ್ಕೆ ‘ಗುಡ್ ಫಸ್ಟ್ ಇಶ್ಯೂ’ (ಹೊಸಬರಿಗೆ ತಕ್ಕ ಕೆಲಸ) ಲೇಬಲ್ ಹಾಕಿ. ಅಲ್ಲಿಯವರೆಗೆ ನೀವೇ ಮುಗಿಸಿಬಿಡಬೇಡಿ!

ಲೈಸೆನ್ಸ್ ಫೈಲ್ ಇಲ್ಲ. ಗಿಟ್‌ಹಬ್‌ನಲ್ಲಿ ಕಂಡ ಮಾತ್ರಕ್ಕೆ ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಿ ಬದಲಿಸಬಹುದಾದ ಕೋಡ್) ಆಗುವುದಿಲ್ಲ. ಎಂಐಟಿ ಇಲ್ಲವೇ ಜಿಪಿಎಲ್ ಲೈಸೆನ್ಸ್, ಒಂದನ್ನು ಆರಿಸಿ ಹಾಕಿ. ಸ್ಯಾಂಪಲ್ ಡೇಟಾದಲ್ಲಿ ಅಕ್ಕಪಕ್ಕದ ತೋಟದವರ ಫೋನ್ ನಂಬರ್‌ಗಳಿವೆ. ಇದು ಇವತ್ತೇ ಹೋಗಬೇಕು. ಸುಮ್ನೆ ಡಿಲೀಟ್ ಮಾಡಿದರೆ ಹಳೆಯ ಕಮಿಟ್‌ಗಳಲ್ಲಿ (ಹಿಂದೆ ಉಳಿಸಿದ ಪ್ರತಿಗಳಲ್ಲಿ) ಉಳಿದೇ ಇರುತ್ತವೆ, ಗಿಟ್ ಹಿಸ್ಟರಿಯಿಂದಲೂ ಅಳಿಸಿ. ಹವಾಮಾನದ ಮಾಹಿತಿ ತರಿಸುವ ಎಪಿಐ ಕೀ (ಪಾಸ್‌ವರ್ಡ್ ಇದ್ದ ಹಾಗೆ) ಕೂಡ ಕೋಡಿನಲ್ಲೇ ಇದೆ. ಅದನ್ನು ರದ್ದು ಮಾಡಿ ಹೊಸದು ತಗೊಳ್ಳಿ.

ಎಂಥ ಬದಲಾವಣೆ ಒಪ್ಪುತ್ತೀರಿ ಅಂತಲೂ ಮೊದಲೇ ಬರೆದಿಡಿ. ಓಪನ್ ಸೋರ್ಸ್ ಕೋಡಿಗೆ ಕೈಜೋಡಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಆನ್‌ಲೈನ್ ಕೂಟದಲ್ಲಿ, 2020ರಲ್ಲಿ, ಆ ಟೀ ಶರ್ಟ್ ಆಸೆಗೆ ರೀಡ್‌ಮಿಯ ಒಂದೆರಡು ಪದ ಬದಲಿಸಿದ ಪುಲ್ ರಿಕ್ವೆಸ್ಟ್‌ಗಳು (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆಗಳು) ರಾಶಿ ಬಿದ್ದವು. ಕೊನೆಗೆ, ಭಾಗವಹಿಸಲು ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ನಡುವೆಯೇ ನಿಯಮ ಬದಲಿಸಬೇಕಾಯಿತು.

ಆ ದಿನ ತೋಟದ ಕೆಲಸ ಬೇರೆಯವರಿಗೆ ವಹಿಸಿ ಹಾಸನಕ್ಕೇ ಹೋಗಿ. ಪುಲ್ ರಿಕ್ವೆಸ್ಟ್ ಬಂದ ಅರ್ಧ ಗಂಟೆಯೊಳಗೆ ನೋಡಿ ಉತ್ತರ ಕೊಡಿ, ರಾತ್ರಿ ಎರಡು ಗಂಟೆಗೆ ಬಂದರೂ. ನಿಮ್ಮ ರೈನ್ ಗೇಜನ್ನೂ ಜೊತೆಗೆ ತಗೊಂಡು ಹೋಗಿ. ಹುಡುಗರು ಅದನ್ನು ಕೈಯಲ್ಲಿ ಹಿಡಿದು ನೋಡಲಿ.